ನಡುವಿದ್ದ ನಾಡು ಅಂಚಾದ ಬಗೆ

ಉತ್ತರ ಜರ್ಮನಿಯ ಎಲ್ಬೆ ನದಿಗೆ ಡ್ಯೋಮಿಟ್ಸ್ ಪಟ್ಟಣದ ಬಳಿ 1873ರಲ್ಲಿ ಒಂದು ರೈಲು ಸೇತುವೆ ಕಟ್ಟಿದರು. ಬರ್ಲಿನ್ ಮತ್ತು ಹ್ಯಾಂಬರ್ಗ್ ನಡುವಿನ ವಿಟೆನ್‌ಬೆರ್ಗೆ ಜಂಕ್ಷನ್ನಿನಿಂದ ಹೊರಟ ಗಾಡಿಗಳು ಈ ಸೇತುವೆ ದಾಟಿ ಪಶ್ಚಿಮದ ಲ್ಯೂನೆಬುರ್ಗ್ ಕಡೆಗೆ ಓಡುತ್ತಿದ್ದವು. 1945ರ ಏಪ್ರಿಲ್ 20ರಂದು, ಯುರೋಪಿನ ಯುದ್ಧ ಮುಗಿಯಲು ಮೂರು ವಾರವೂ ಉಳಿದಿರದಾಗ, ಅಮೆರಿಕದ ವಿಮಾನಗಳು ಬಾಂಬು ಹಾಕಿ ಅದನ್ನು ಕೆಡವಿದವು. ಪೂರ್ವದಂಡೆಯಲ್ಲಿ ಉಳಿದಿದ್ದ ಭಾಗವನ್ನು ಆಮೇಲೆ ಕಿತ್ತುಹಾಕಿದರು. ಪಶ್ಚಿಮದಂಡೆಯ ಕಬ್ಬಿಣದ ತೊಲೆಗಳು ಮಾತ್ರ ಹುಲ್ಲುಗಾವಲಿನ ಮೇಲೆ ಸಾಲಾಗಿ ಬಂದು ನೀರಿನ ಹತ್ತಿರ ಇಂದಿಗೂ ಹಾಗೆಯೇ ನಿಂತಿವೆ. ಆ ತೊಲೆಗಳು ನಿಂತಿರುವ ನೆಲದ ಹೆಸರು ಲ್ಯೂಖೊ-ಡಾನೆನ್‌ಬೆರ್ಗ್ ಜಿಲ್ಲೆ. ಜನ ವಾಡಿಕೆಯಲ್ಲಿ ಕರೆಯುವುದು ವೆಂಡ್‌ಲಾಂಡ್ ಎಂದು. ಜರ್ಮನಿಯಲ್ಲಿ ಈ ಜಿಲ್ಲೆಯ ಪ್ರಸ್ತಾಪ ಬಂದಾಗಲೆಲ್ಲ ಅದರ ಹಿಂದೆ ‘ಮೂಲೆ’, ‘ಅಂಚು’ ಎಂಬ ಮಾತುಗಳು ಬಂದೇ ಬರುತ್ತವೆ, ಅದು ಆ ನೆಲದ ಹುಟ್ಟುಗುಣವೇನೋ ಎಂಬಂತೆ. ಆದರೆ ಈ ಜಿಲ್ಲೆಯ ಭೂಗೋಳವನ್ನೂ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಪ್ರಕೃತಿ ಇದನ್ನು ಬಯಲಿನ ನಡುವೆ ಇಟ್ಟಿತ್ತು. ಬೇರೆಲ್ಲೋ ಕುಳಿತವರು ಎಳೆದ ಗೆರೆಗಳು ಇದನ್ನು ಅಂಚಿಗೆ ತಳ್ಳಿದವು. ಅಂಚಾದ ಮೇಲೆ, ‘ಅಲ್ಲಿ ಕೇಳುವವರು ಯಾರಿದ್ದಾರೆ’ ಎಂಬ ಲೆಕ್ಕಾಚಾರದ ಭಾರವನ್ನೂ ಈ ನೆಲ ಹೊರಬೇಕಾಯಿತು.

ಮೊದಲು ಜಿಲ್ಲೆಯ ಅಳತೆ ತಿಳಿಯೋಣ. ಜರ್ಮನಿಯಲ್ಲಿ ‘ಲಾಂಡ್‌ಕ್ರೈಸ್’ ಎನ್ನುವ ಗ್ರಾಮೀಣ ಜಿಲ್ಲೆಗಳು 294 ಇವೆ. ಪ್ರತಿಯೊಂದಕ್ಕೂ ಜನ ಆರಿಸಿದ ಜಿಲ್ಲಾ ಸಭೆ ಇರುತ್ತದೆ. ಜಿಲ್ಲೆಯ ಆಡಳಿತದ ಮುಖ್ಯಸ್ಥನಾದ ‘ಲಾಂಡ್‌ರಾಟ್’ ನಮ್ಮ ಜಿಲ್ಲಾಧಿಕಾರಿಯಂತೆ ನೇಮಕಗೊಂಡು, ವರ್ಗವಾಗಿ ಹೋಗುವವನಲ್ಲ. ಈ ಜಿಲ್ಲೆ ಇರುವ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಮತದಾರರೇ ಅವನನ್ನು ನೇರವಾಗಿ ಚುನಾಯಿಸುತ್ತಾರೆ. ಲ್ಯೂಖೊ-ಡಾನೆನ್‌ಬೆರ್ಗ್ ಆ ರಾಜ್ಯದ ಪೂರ್ವದ ತುದಿ. ವಿಸ್ತಾರ ಸುಮಾರು 1,220 ಚದರ ಕಿಲೋಮೀಟರ್, ಜನಸಂಖ್ಯೆ 50,000ಕ್ಕೂ ಕಡಿಮೆ. ಜನಸಂಖ್ಯೆಯಲ್ಲಿ ಇಡೀ ದೇಶದ ಗ್ರಾಮೀಣ ಜಿಲ್ಲೆಗಳಲ್ಲೇ ಇದು ಅತಿ ಚಿಕ್ಕದು. ಒಂದು ಚದರ ಕಿಲೋಮೀಟರಿಗೆ ಸುಮಾರು 40 ಜನ; ಜರ್ಮನಿಯ ಸರಾಸರಿ ಇದರ ಐದು ಪಟ್ಟಿಗಿಂತ ಹೆಚ್ಚು. ಲ್ಯೂಖೊ, ಡಾನೆನ್‌ಬೆರ್ಗ್, ಹಿಟ್ಸಾಕರ್, ವೂಸ್ಟ್ರೊ, ಶ್ನಾಕೆನ್‌ಬುರ್ಗ್ ಎಂಬ ಐದು ಪಟ್ಟಣಗಳಿವೆ. ಪಟ್ಟಣವೆಂಬ ಪದವಿ ಹಳೆಯ ಕಾಲದಿಂದ ಉಳಿದು ಬಂದದ್ದು. ಶ್ನಾಕೆನ್‌ಬುರ್ಗ್‌ನಲ್ಲಿ ವಾಸಿಸುವವರು ಕೆಲವೇ ನೂರು ಮಂದಿ. ಜಿಲ್ಲೆಯ ಗಡಿಯೊಳಗೆ ಜರ್ಮನಿಯ ಹೆಸರುವಾಸಿ ಆಟೋಬಾನ್ ಹೆದ್ದಾರಿ ಒಂದು ಕಿಲೋಮೀಟರೂ ಇಲ್ಲ.

ಬಯಲು ಕೊಟ್ಟ ಜಾಗ

ಈ ಅಂಕಿಗಳನ್ನು ಬದಿಗಿಟ್ಟು ನೆಲವನ್ನು ನೋಡಿದರೆ, ಬಾಗಿಲು ಮುಚ್ಚಿದ ಗುರುತು ಎಲ್ಲೂ ಸಿಗುವುದಿಲ್ಲ. ಪಶ್ಚಿಮದಲ್ಲಿ ಡ್ರಾವೇನ್ ಎಂಬ ದಿಬ್ಬಗಳ ಸಾಲು. ಹಿಮಯುಗದಲ್ಲಿ ಉತ್ತರದಿಂದ ಜಾರಿ ಬಂದ ಹಿಮರಾಶಿ ತಂದು ಒಟ್ಟಿದ ಮರಳು, ಜಲ್ಲಿ, ಬಂಡೆಗಳ ರಾಶಿ ಅದು. ಅದರ ಉತ್ತರದಲ್ಲಿ ಗ್ಯೋರ್ಡೆ ಎಂಬ ದೊಡ್ಡ ಕಾಡು. ದಿಬ್ಬಗಳ ಪೂರ್ವಕ್ಕೆ ಯೇಟ್ಸೆಲ್ ಎಂಬ ನಿಧಾನದ ಹೊಳೆ ದಕ್ಷಿಣದಿಂದ ಬಂದು, ಲ್ಯೂಖೊ ಮತ್ತು ಡಾನೆನ್‌ಬೆರ್ಗ್ ದಾಟಿ, ಹಿಟ್ಸಾಕರ್ ಬಳಿ ಎಲ್ಬೆಗೆ ಸೇರುತ್ತದೆ. ಪೂರ್ವದ ಗಾರ್ಟೊ ಸುತ್ತ ಮರಳು ನೆಲದ ಪೈನ್ ಕಾಡುಗಳು. ಎಲ್ಬೆಯ ಉದ್ದಕ್ಕೂ ನೆರೆ ಬಂದಾಗ ಮುಳುಗುವ, ಕೊಕ್ಕರೆಗಳು ಮೇಯುವ ಹುಲ್ಲುಗಾವಲುಗಳು. ದಾಟಲಾಗದ ಬೆಟ್ಟವಿಲ್ಲ, ಕಣಿವೆಯಿಲ್ಲ. ಭೂಪಟದಲ್ಲಿ ಹ್ಯಾಂಬರ್ಗ್, ಬರ್ಲಿನ್, ಹನೋವರ್ ಮೂರನ್ನೂ ಗೆರೆ ಎಳೆದು ಸೇರಿಸಿದರೆ ಸಿಗುವ ತ್ರಿಕೋನದ ಒಳಗೇ ಈ ಜಿಲ್ಲೆ ಬೀಳುತ್ತದೆ. ಎಲ್ಬೆಯಂತೂ ಬೊಹೆಮಿಯಾದಿಂದ ಉತ್ತರ ಸಮುದ್ರದವರೆಗೆ ಸರಕು ಸಾಗಿಸಿದ ನೀರಿನ ಹೆದ್ದಾರಿ. ಹಾಗಾಗಿಯೇ ಮಧ್ಯಯುಗದ ದೊಡ್ಡ ರಾಜಕೀಯ ಇಲ್ಲಿಗೆ ಮತ್ತೆ ಮತ್ತೆ ಬಂದಿದೆ. 1223ರಲ್ಲಿ ಸೆರೆಸಿಕ್ಕ ಡೆನ್ಮಾರ್ಕಿನ ದೊರೆ ಎರಡನೇ ವಾಲ್ಡೆಮಾರ್‌ನನ್ನು ಡಾನೆನ್‌ಬೆರ್ಗ್ ಕೋಟೆಯಲ್ಲಿ ಇರಿಸಿದ್ದರು. ಅಲ್ಲಿನ ಗೋಪುರಕ್ಕೆ ಈಗಲೂ ಅವನದೇ ಹೆಸರು. 17ನೇ ಶತಮಾನದ ಆರಂಭದಲ್ಲಿ ಡ್ಯೂಕ್ ಆಗುಸ್ಟ್ ಹಿಟ್ಸಾಕರ್‌ನಲ್ಲಿ ನೆಲೆಸಿ ಪುಸ್ತಕ ಕೂಡಿಸತೊಡಗಿದ. ಆ ಸಂಗ್ರಹವೇ ಮುಂದೆ ವೋಲ್ಫೆನ್‌ಬ್ಯುಟೆಲ್‌ಗೆ ಹೋಗಿ ಯುರೋಪಿನ ಹೆಸರಾಂತ ಗ್ರಂಥಾಲಯವಾಯಿತು. ಮೂಲೆಯೊಂದರಲ್ಲಿ ಇಂಥ ಕೆಲಸಗಳು ಶುರುವಾಗುವುದಿಲ್ಲ.

ಈ ನೆಲದ ಅತ್ಯಂತ ವಿಶಿಷ್ಟ ಸಂಪತ್ತು ಅದರ ದುಂಡು ಹಳ್ಳಿಗಳು, ಜರ್ಮನ್ನಿನಲ್ಲಿ ‘ರುಂಡ್‌ಲಿಂಗ್’. ನಡುವೆ ಒಂದು ತೆರೆದ ಅಂಗಳ. ಅದರ ಸುತ್ತ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಹಿತ್ತಿಲುಗಳು. ಅಂಗಳಕ್ಕೆ ಮುಖಮಾಡಿ ನಿಂತ, ಮರದ ಚೌಕಟ್ಟಿನ ದೊಡ್ಡ ಮನೆಗಳು. ಮೂಲದಲ್ಲಿ ಊರಿಗೆ ಒಂದೇ ದಾರಿ. ಚರ್ಚು ಸಾಮಾನ್ಯವಾಗಿ ದುಂಡಿನ ಹೊರಗೆ. ಊರಿನ ನಕ್ಷೆ ರೂಪುಗೊಂಡಾಗ ಅದಕ್ಕೆ ಜಾಗವಿರಲಿಲ್ಲ ಎಂಬುದನ್ನು ಅದು ಹೇಳುತ್ತದೆ. ಮನುಷ್ಯರೂ ದನಗಳೂ ಧಾನ್ಯವೂ ಒಂದೇ ಸೂರಿನಡಿ ಇರುತ್ತಿದ್ದ ಆ ಮನೆಗಳ ಎತ್ತರದ ಬಾಗಿಲಿನಿಂದ ಹುಲ್ಲಿನ ಬಂಡಿ ನೇರ ಒಳಗೆ ಹೋಗುತ್ತಿತ್ತು. ಶತ್ರುಗಳಿಂದ ರಕ್ಷಣೆಗೆಂದೇ ಈ ಆಕಾರ ಬಂತು ಎಂದು ಹಿಂದೆ ನಂಬಿದ್ದರು. 12ನೇ ಶತಮಾನದ ಸುಮಾರಿಗೆ ಜರ್ಮನ್ ಪ್ರಭುಗಳು ಸ್ಲಾವ್ ಮೂಲದ ವೆಂಡ್ ಜನರನ್ನು ನೆಲೆಗೊಳಿಸಲು ಯೋಜಿಸಿ ಹಾಕಿದ ನಕ್ಷೆ ಇದು ಎಂಬ ಅಭಿಪ್ರಾಯಕ್ಕೆ ಈಗ ಹೆಚ್ಚು ಬಲವಿದೆ. ಸಾಟೆಮಿನ್, ಲ್ಯೂಬೆಲ್ನ್, ಶ್ರೆಯಾನ್ ಮೊದಲಾದ ಊರುಗಳಲ್ಲಿ ಈ ಆಕಾರ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಲ್ಯೂಬೆಲ್ನ್‌ನಲ್ಲಿ ಅದಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬೇರೆ ಕಡೆ ಅಳಿಸಿಹೋದದ್ದು ಇಲ್ಲೇಕೆ ಉಳಿಯಿತು? ಅಗಸೆ ನಾರಿನ ಬಟ್ಟೆ ನೇದು ಮಾರುವ ಕಸುಬು ಒಂದು ಕಾಲದಲ್ಲಿ ಈ ಮನೆಗಳಿಗೆ ಹಣ ತಂದಿತ್ತು. 19ನೇ ಶತಮಾನದಲ್ಲಿ ಗಿರಣಿಯ ಹತ್ತಿಬಟ್ಟೆ ಬಂದು ಆ ಕಸುಬು ಕುಸಿಯಿತು, ಅದರ ಜಾಗಕ್ಕೆ ದೊಡ್ಡ ಕೈಗಾರಿಕೆ ಬರಲಿಲ್ಲ. ಹೊಸ ಹಣ ಬಾರದ ಊರಿನಲ್ಲಿ ಹಳೆಯದನ್ನು ಕೆಡವುವವರೂ ಇರಲಿಲ್ಲ. ಬಡತನ ಕಾಪಾಡಿದ ಚೆಲುವು ಇದು ಎನ್ನಬೇಕು.

ಕೊನೆಯುಸಿರೆಳೆದ ಭಾಷೆ

ಬಡತನ ಕಟ್ಟಡಗಳನ್ನು ಉಳಿಸಿದಂತೆ, ದೂರ ಎಂಬುದು ಭಾಷೆಯನ್ನು ಕೆಲಕಾಲ ಉಳಿಸಿತು. ವೆಂಡ್ ಜನರ ಮಾತನ್ನು ವಿದ್ವಾಂಸರು ಪೊಲಾಬಿಯನ್ ಎನ್ನುತ್ತಾರೆ. ಸ್ಲಾವ್ ಭಾಷೆಗಳಲ್ಲಿ ಎಲ್ಬೆಗೆ ‘ಲಾಬೆ’ ಎಂದು ಹೆಸರು. ಲಾಬೆಯ ದಂಡೆಯವರ ಮಾತು ಪೊಲಾಬಿಯನ್. ಎಲ್ಬೆಯ ಆಸುಪಾಸಿನ ಬೇರೆಡೆಗಳಲ್ಲಿ ಅದು ಎಂದೋ ಅಳಿದ ಮೇಲೂ ಡ್ರಾವೇನ್ ಸುತ್ತಿನ ಹಳ್ಳಿಗಳಲ್ಲಿ 18ನೇ ಶತಮಾನದವರೆಗೆ ಉಸಿರಾಡಿತು. ವೂಸ್ಟ್ರೊ ಊರಿನ ಪಾದ್ರಿ ಕ್ರಿಸ್ಟಿಯಾನ್ ಹೆನ್ನಿಗ್ ಪದಗಳನ್ನು ಕೂಡಿಸಿದ್ದ. 1691ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆತ ಕೈಚೆಲ್ಲದೆ ಮತ್ತೆ ಮೊದಲಿಂದ ಕೂಡಿಸಿ 1705ರ ಸುಮಾರಿಗೆ ಒಂದು ಪದಕೋಶ ಸಿದ್ಧಪಡಿಸಿದ. ಕೆಲವು ವರ್ಷಗಳ ಬಳಿಕ ಸ್ಯೂಟೆನ್ ಎಂಬ ಹಳ್ಳಿಯ ಯೋಹಾನ್ ಪಾರುಮ್ ಶುಲ್ಟ್ಸೆ, ಪಾದ್ರಿಯೂ ಅಲ್ಲ ಪಂಡಿತನೂ ಅಲ್ಲ, ಬೇಸಾಯ ಮಾಡಿಕೊಂಡಿದ್ದವನು, ತನ್ನೂರಿನ ವೃತ್ತಾಂತ ಬರೆಯುತ್ತ ಅದರಲ್ಲಿ ವೆಂಡ್ ಪದಗಳನ್ನೂ ಸೇರಿಸಿಟ್ಟ. ತನ್ನ ತಲೆಮಾರಿನ ಜೊತೆ ಈ ಮಾತು ಮಣ್ಣಾಗುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. 1756ರಲ್ಲಿ ಡೋಲ್ಗೊ ಹಳ್ಳಿಯ ಎಮೆರೆಂಟ್ಸ್ ಶುಲ್ಟ್ಸೆ ಎಂಬ ಮುದುಕಿ ತೀರಿಕೊಂಡಾಗ, ಆ ಭಾಷೆ ಚೆನ್ನಾಗಿ ಬಲ್ಲ ಕೊನೆಯವಳು ಹೋದಳು ಎಂಬ ಸಂಗತಿ ವೂಸ್ಟ್ರೊ ಚರ್ಚಿನ ದಾಖಲೆ ಸೇರಿತು.

ಕನ್ನಡಿಗರಿಗೆ ಈ ಪಾದ್ರಿಯ ಕೆಲಸ ಅಪರಿಚಿತವೇನಲ್ಲ. ವೆಂಡ್‌ಲಾಂಡ್ ಸೇರಿದ್ದ ಹನೋವರ್ ರಾಜ್ಯದಲ್ಲೇ, ಕಡಲ ಕಡೆಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದವರು ಫರ್ಡಿನಾಂಡ್ ಕಿಟೆಲ್. ಎರಡೂ ಜಾಗಗಳು ಇಂದು ಒಂದೇ ಲೋವರ್ ಸ್ಯಾಕ್ಸನಿಯಲ್ಲಿವೆ. ಹೆನ್ನಿಗ್ ಮತ್ತು ಕಿಟೆಲ್ ಇಬ್ಬರೂ ಪ್ರಾಟೆಸ್ಟೆಂಟ್ ಪಾದ್ರಿಗಳು, ಇಬ್ಬರೂ ತಮ್ಮ ತಾಯ್ನುಡಿಯಲ್ಲದ ಒಂದು ಭಾಷೆಯ ಪದಗಳನ್ನು ಜನರ ಬಾಯಿಂದ ಕೇಳಿ ಬರೆದುಕೊಂಡವರು. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದನ್ನು ಬಳಸಲು ಬದುಕಿರುವ ದೊಡ್ಡ ನಾಡೊಂದಿತ್ತು. ಹೆನ್ನಿಗ್‌ನ ಪದಕೋಶವನ್ನು ಬಳಸಲು ಐವತ್ತು ವರ್ಷದ ಬಳಿಕ ಯಾರೂ ಉಳಿಯಲಿಲ್ಲ. ಪದಗಳನ್ನು ಬರೆದಿಟ್ಟರೆ ಸಾಲದು, ಆ ಮಾತಿಗೆ ಶಾಲೆಯಲ್ಲಿ, ಕಚೇರಿಯಲ್ಲಿ, ಚರ್ಚಿನಲ್ಲಿ ಜಾಗ ಬೇಕು ಎಂಬ ಪಾಠ ಇಲ್ಲಿದೆ. ದೂರವೊಂದೇ ಭಾಷೆಯನ್ನು ಕಾಯಲಾರದು. ಅದು ಸಾವನ್ನು ತಡಮಾಡಬಲ್ಲುದಷ್ಟೆ. ಈಗ ಆ ಮಾತು ಉಳಿದಿರುವುದು ಊರ ಹೆಸರುಗಳಲ್ಲಿ. ಓ, ಇನ್, ಇಟ್ಸ್ ಎಂದು ಕೊನೆಯಾಗುವ ಹೆಸರುಗಳೆಲ್ಲ ಅದರ ಹೆಜ್ಜೆಗುರುತು. ವೂಸ್ಟ್ರೊ ಎಂದರೆ ಮೂಲದಲ್ಲಿ ನಡುಗಡ್ಡೆ.

ಮೂರು ಕಡೆ ಮುಳ್ಳುತಂತಿ

ಜಿಲ್ಲೆ ಎಂಬ ಆಡಳಿತದ ಚೌಕಟ್ಟು ಇವೆಲ್ಲಕ್ಕಿಂತ ಬಹಳ ಈಚಿನದು. 1866ರಲ್ಲಿ ಪ್ರಷ್ಯಾ ಹನೋವರ್ ರಾಜ್ಯವನ್ನು ನುಂಗಿತು. 1885ರಲ್ಲಿ ತನ್ನ ಪದ್ಧತಿಯಂತೆ ಜಿಲ್ಲೆಗಳನ್ನು ಮಾಡಿ ಲ್ಯೂಖೊ ಒಂದು, ಡಾನೆನ್‌ಬೆರ್ಗ್ ಒಂದು ಎಂದು ಹಂಚಿತು. 1932ರಲ್ಲಿ ಎರಡನ್ನೂ ಒಂದುಗೂಡಿಸಿದರು. ಎರಡೂ ಊರುಗಳ ಹೆಸರು ಜೋಡಿಯಾಗಿ ಬಂದದ್ದು 1951ರಲ್ಲಿ. ಈ ಬದಲಾವಣೆಗಳಿಂದ ಜನರ ಓಡಾಟಕ್ಕೆ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು 1945ರ ಗೆರೆ. ಬ್ರಿಟಿಷರ ಪಾಲಿಗೆ ಬಂದ ಈ ನೆಲವನ್ನು ಉತ್ತರ, ಪೂರ್ವ, ದಕ್ಷಿಣ ಮೂರೂ ಕಡೆ ಸೋವಿಯತ್ ವಲಯ ಸುತ್ತುವರಿಯಿತು; ಅದು ಮುಂದೆ ಪೂರ್ವ ಜರ್ಮನಿಯಾಯಿತು. ಡ್ಯೋಮಿಟ್ಸ್‌ನ ರೈಲು ಸೇತುವೆಯ ಜೊತೆಗೆ ಅಲ್ಲಿನ ರಸ್ತೆ ಸೇತುವೆಯೂ ಹೋಗಿತ್ತು. ದಕ್ಷಿಣಕ್ಕೆ ಲ್ಯೂಖೊದಿಂದ ಹತ್ತಿರವೇ ಇದ್ದ ಜಾಲ್ಟ್ಸ್‌ವೇಡೆಲ್ ಪಟ್ಟಣದ ರೈಲು ದಾರಿಯೂ ಕಡಿದುಹೋಯಿತು. ಸಂತೆಗೆ, ನೆಂಟರ ಮನೆಗೆ ಹೋಗುತ್ತಿದ್ದ ದಾರಿಗಳು ಹೊಲದ ನಡುವೆ ಬೇಲಿಗೆ ಬಂದು ಮುಗಿದವು. ಪಶ್ಚಿಮದ ಒಂದು ದಿಕ್ಕಿನ ಹೊರತು ಹೋಗಲು ದಾರಿಯಿಲ್ಲದ ಊರಿಗೆ ಯಾವ ಉದ್ಯಮಿ ಬಂದಾನು? ಗಡಿನಾಡಿಗೆಂದು ಸರ್ಕಾರ ಸಹಾಯಧನ ಕೊಟ್ಟಿತು ನಿಜ. ಆದರೆ ಮಾರುಕಟ್ಟೆಯ ಮುಕ್ಕಾಲು ಭಾಗ ಕಡಿದುಹೋದದ್ದನ್ನು ಸಹಾಯಧನ ತುಂಬಲಾರದು. ಹೀಗೆ ನಡುವಿದ್ದದ್ದು ಒಂದೇ ವರ್ಷದಲ್ಲಿ ತುದಿಯಾಯಿತು. ನದಿ, ದಿಬ್ಬ, ಕಾಡು ಯಾವುದೂ ಒಂದು ಗೇಣು ಅಲುಗಿರಲಿಲ್ಲ.

ಹಳ್ಳಿಯ ತಿಪ್ಪೆಗುಂಡಿ ಯಾವಾಗಲೂ ಊರ ಹೊರಗಿರುತ್ತದೆ. ದೇಶಗಳೂ ಹಾಗೆಯೇ ಮಾಡುತ್ತವೆ. 1977ರ ಫೆಬ್ರವರಿ 22ರಂದು ಲೋವರ್ ಸ್ಯಾಕ್ಸನಿಯ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಖ್ಟ್ ಒಂದು ಘೋಷಣೆ ಮಾಡಿದರು. ಪಶ್ಚಿಮ ಜರ್ಮನಿಯ ಅಣುವಿದ್ಯುತ್ ಸ್ಥಾವರಗಳ ತ್ಯಾಜ್ಯಕ್ಕೆ ಸಂಸ್ಕರಣೆಯ ಕಾರ್ಖಾನೆ, ದಾಸ್ತಾನು ಮತ್ತು ನೆಲದಾಳದ ಶಾಶ್ವತ ಗೋದಾಮು ಎಲ್ಲವನ್ನೂ ಒಂದೇ ಕಡೆ, ಎಲ್ಬೆ ದಂಡೆಯ ಗೋರ್ಲೇಬೆನ್ ಎಂಬ ಹಳ್ಳಿಯ ಬಳಿ ಕಟ್ಟುವುದಾಗಿ ಹೇಳಿದರು. ನೆಲದಡಿಯಲ್ಲಿ ಅಲ್ಲೊಂದು ದೊಡ್ಡ ಉಪ್ಪಿನ ದಿಬ್ಬವಿತ್ತು. ಮೇಲೆ ವಿರಳ ಜನವಸತಿ, ಪಕ್ಕದಲ್ಲಿ ದೇಶದ ಗಡಿ. ದೂರದ ಬೆಟ್ಟ ನುಣ್ಣಗೆ ಕಾಣುವಂತೆ, ಹನೋವರ್‌ನಿಂದ ನೋಡಿದವರಿಗೆ ಇಲ್ಲಿ ತಂಟೆ ಮಾಡುವವರು ಯಾರೂ ಕಾಣಿಸಲಿಲ್ಲ. ಲೆಕ್ಕ ತಪ್ಪಿದ್ದು ಇಲ್ಲಿಯೇ. ಜನ ಕಡಿಮೆಯಿದ್ದ ಜಿಲ್ಲೆಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿತ್ತು. ಗಾರ್ಟೊ ಕಾಡಿನ ಒಡೆಯ ಕೌಂಟ್ ಆಂಡ್ರೆಯಾಸ್ ಫೊನ್ ಬೆರ್ನ್‌ಸ್ಟೋರ್ಫ್ ತಮ್ಮ ಜಮೀನನ್ನು ಮಾರಲು ಒಪ್ಪಲಿಲ್ಲ. ಮರಿಯಾನೆ ಫ್ರಿಟ್ಸೆನ್ ಮೊದಲಾದವರು ಕಟ್ಟಿದ ನಾಗರಿಕರ ಸಂಘ ಮನೆಮನೆಗೆ ವಿಷಯ ಮುಟ್ಟಿಸಿತು. 1979ರ ಮಾರ್ಚ್ ಕೊನೆಯ ವಾರ ರೈತರು ನೂರಾರು ಟ್ರ್ಯಾಕ್ಟರ್ ಹೂಡಿಕೊಂಡು ಹನೋವರ್ ಕಡೆ ಹೊರಟರು. ಅವರು ದಾರಿಯಲ್ಲಿರುವಾಗಲೇ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಅಪಘಾತದ ಸುದ್ದಿ ಬಂತು. ಮಾರ್ಚ್ 31ರಂದು ರಾಜಧಾನಿ ತಲುಪುವಾಗ ಅವರೊಂದಿಗೆ ಸೇರಿದ ಜನ ಸುಮಾರು 1 ಲಕ್ಷ. ಮೇ ತಿಂಗಳಲ್ಲಿ ಅದೇ ಆಲ್ಬ್ರೆಖ್ಟ್, ಸಂಸ್ಕರಣಾ ಕಾರ್ಖಾನೆ ರಾಜಕೀಯವಾಗಿ ಸಾಧ್ಯವಿಲ್ಲವೆಂದು ಕೈಬಿಟ್ಟರು.

ಕಾರ್ಖಾನೆ ತಪ್ಪಿತು, ಉಪ್ಪಿನ ದಿಬ್ಬ ಕೊರೆಯುವ ಕೆಲಸ ನಿಲ್ಲಲಿಲ್ಲ. 1980ರ ಮೇ 3ರಂದು ಚಳವಳಿಗಾರರು ಕೊರೆಯುವ ಜಾಗದಲ್ಲೇ ಮರದ ಗುಡಿಸಲುಗಳ ಊರು ಕಟ್ಟಿ ಅದನ್ನು ‘ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ’ ಎಂದು ಕರೆದರು. ಭಾಷೆ ಸತ್ತು ಎರಡು ಶತಮಾನ ದಾಟಿದ ಮೇಲೆ ಆ ಜನಾಂಗದ ಹೆಸರು ಹೀಗೆ ಬಾವುಟವೇರಿತು. ಜೂನ್ 4ರಂದು ಪೊಲೀಸರು ಅದನ್ನು ತೆರವು ಮಾಡಿದರು. ಮುಂದೆ ಹಳ್ಳಿಯ ಬಳಿ ತಾತ್ಕಾಲಿಕ ದಾಸ್ತಾನು ಕಟ್ಟಡ ಬಂತು. 1995ರಿಂದ 2011ರವರೆಗೆ ‘ಕಾಸ್ಟರ್’ ಎನ್ನುವ ಭಾರಿ ಲೋಹದ ಪೀಪಾಯಿಗಳಲ್ಲಿ ತೀವ್ರ ವಿಕಿರಣದ ತ್ಯಾಜ್ಯ ಡಾನೆನ್‌ಬೆರ್ಗ್‌ವರೆಗೆ ರೈಲಿನಲ್ಲೂ, ಅಲ್ಲಿಂದ ಲಾರಿಗಳಲ್ಲೂ ಬಂತು. ಪ್ರತಿ ಸಲವೂ ಹಳಿಯ ಮೇಲೆ, ರಸ್ತೆಯ ಮೇಲೆ ಜನ ಕುಳಿತರು, ಸಾವಿರಾರು ಪೊಲೀಸರು ಬಂದರು. ಒಟ್ಟು 113 ಪೀಪಾಯಿಗಳು ಈಗಲೂ ಅಲ್ಲಿವೆ. ಹಳದಿ ಬಣ್ಣದ ಮರದ ಗುಣಾಕಾರ ಚಿಹ್ನೆಯನ್ನು ಮನೆಯ ಮುಂದೆ ನಿಲ್ಲಿಸುವುದು ಜಿಲ್ಲೆಯ ಗುರುತೇ ಆಗಿಹೋಯಿತು.

ಆಕ್ಷೇಪಗಳು, ಉತ್ತರಗಳು

ಇಲ್ಲಿಗೆ ಕೆಲವು ಆಕ್ಷೇಪಗಳು ನ್ಯಾಯವಾಗಿಯೇ ಏಳುತ್ತವೆ. ಗೋರ್ಲೇಬೆನ್ ಆಯ್ಕೆಗೆ ಉಪ್ಪೇ ಕಾರಣ, ಅಂಚು ಎಂಬುದು ಕಾಕತಾಳೀಯ ಎನ್ನಬಹುದು. ಉಪ್ಪಿನ ಪದರ ತ್ಯಾಜ್ಯದ ಬಿಸಿಯನ್ನು ಚೆನ್ನಾಗಿ ಹೊರಗೆ ಸಾಗಿಸುತ್ತದೆ, ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದು ನಿಜ. ಆದರೆ ಉತ್ತರ ಜರ್ಮನಿಯ ನೆಲದಡಿಯಲ್ಲಿ ಇಂಥ ಉಪ್ಪಿನ ದಿಬ್ಬಗಳು ಹಲವಾರಿವೆ. ಗೋರ್ಲೇಬೆನ್ ದಿಬ್ಬದ ಮೇಲಿನ ರಕ್ಷಣೆಯ ಮಣ್ಣಿನ ಪದರವನ್ನು ಹಿಮಯುಗದ ಹರಿವೊಂದು ಕೊರೆದು ತೆಗೆದಿರುವುದರಿಂದ ಅಂತರ್ಜಲ ಉಪ್ಪನ್ನು ತಾಕಬಹುದೆಂಬ ಎಚ್ಚರಿಕೆ ದಶಕಗಳ ಹಿಂದೆಯೇ ಕೇಳಿಬಂದಿತ್ತು. 2013ರಲ್ಲಿ ಸಂಸತ್ತು ಹೊಸ ಕಾನೂನು ತಂದು, ಇಡೀ ದೇಶವನ್ನು ಒಂದೇ ಅಳತೆಗೋಲಿನಿಂದ ಮೊದಲಿನಿಂದ ಅಳೆಯಬೇಕೆಂದಿತು. ಹಾಗೆ ಅಳೆದ ಸಂಸ್ಥೆ 2020ರ ಸೆಪ್ಟೆಂಬರ್ 28ರಂದು ದೇಶದ ಅರ್ಧಕ್ಕಿಂತ ಹೆಚ್ಚು ನೆಲವನ್ನೊಳಗೊಂಡ 90 ಪ್ರದೇಶಗಳನ್ನು ಮುಂದಿನ ಪರಿಶೀಲನೆಗೆ ಉಳಿಸಿಕೊಂಡಿತು. ಆ ಪಟ್ಟಿಯಲ್ಲಿ ಗೋರ್ಲೇಬೆನ್ ಇರಲಿಲ್ಲ. ಭೂವಿಜ್ಞಾನವೇ ಮೊದಲ ಆಯ್ಕೆಯ ನಿಜವಾದ ಆಧಾರವಾಗಿದ್ದರೆ ಇಂಥ ಫಲಿತಾಂಶ ಬರುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ವಿದ್ಯುತ್ತನ್ನು ಎಲ್ಲರೂ ಬಳಸಿದ ಮೇಲೆ ತ್ಯಾಜ್ಯವನ್ನು ಎಲ್ಲಾದರೂ ಇಡಲೇಬೇಕಲ್ಲ, ‘ನಮ್ಮ ಊರಲ್ಲಿ ಬೇಡ’ ಎನ್ನುವುದು ಸ್ವಾರ್ಥವಲ್ಲವೇ? ಹ್ಯಾಂಬರ್ಗ್, ಬರ್ಲಿನ್‌ನಿಂದ ಬಂದವರೇ ಚಳವಳಿ ನಡೆಸಿದರು ಎಂಬ ಮಾತೂ ಇದರ ಜೊತೆ ಬರುತ್ತದೆ. ಹೊರಗಿನವರು ಬಂದದ್ದು ಸುಳ್ಳಲ್ಲ. ಕೆಲವರು ಹಳೆಯ ಮನೆಗಳನ್ನು ಕೊಂಡು ಇಲ್ಲಿಯೇ ನೆಲೆಸಿದರು. ಆದರೆ ಟ್ರ್ಯಾಕ್ಟರುಗಳು ಊರ ರೈತರವು, ಜಮೀನು ಮಾರದವರು ಊರಿನ ಹಳೆಯ ಮನೆತನದವರು. ಸ್ವಾರ್ಥದ ಆರೋಪಕ್ಕೆ ಉತ್ತರ ಅವರ ಬೇಡಿಕೆಯ ಫಲದಲ್ಲೇ ಇದೆ. ಅವರು ಹಟ ಹಿಡಿದದ್ದರಿಂದಲೇ, ಜಾಗ ಆರಿಸುವ ಮೊದಲು ಮಾನದಂಡ ಬರೆಯಬೇಕು ಎಂಬ ನಿಯಮ ಕಾನೂನಿಗೆ ಬಂತು. ಆ ನಿಯಮ ಇನ್ನೊಂದು ವಿರಳ ಜನವಸತಿಯ ಊರನ್ನೂ ಕಾಯುತ್ತದೆ. ಇಷ್ಟರ ನಡುವೆ 113 ಪೀಪಾಯಿಗಳನ್ನು ನಾಲ್ಕು ಗೋಡೆಯೊಳಗೆ ಇಟ್ಟುಕೊಂಡು ಕಾಯುತ್ತಿರುವವರೂ ಇವರೇ.

ಮೂರನೆಯದು ಆಡಳಿತಗಾರರ ಪ್ರಶ್ನೆ: ಇಷ್ಟು ಕಡಿಮೆ ಜನರಿಗೆ ಒಂದು ಪ್ರತ್ಯೇಕ ಜಿಲ್ಲೆ ದುಬಾರಿಯಲ್ಲವೇ? 1977ರ ಮರುವಿಂಗಡಣೆಯಲ್ಲಿ ಲೋವರ್ ಸ್ಯಾಕ್ಸನಿಯ ಎಷ್ಟೋ ಜಿಲ್ಲೆಗಳು ನೆರೆಯ ಜಿಲ್ಲೆಗಳಲ್ಲಿ ಕರಗಿದವು, ಇದು ಉಳಿಯಿತು. ಯುವಕರು ಓದಲು, ದುಡಿಯಲು ಹೊರಗೆ ಹೋಗುತ್ತಾರೆ, ಉಳಿದವರಿಗೆ ವಯಸ್ಸಾಗುತ್ತಿದೆ, ಶಾಲೆ ಬಸ್ಸು ಆಸ್ಪತ್ರೆಗಳ ತಲಾ ಖರ್ಚು ಏರುತ್ತದೆ; ಇದನ್ನು ಅಲ್ಲಗಳೆಯಲಾಗದು. ಆದರೂ ಜಿಲ್ಲೆಯನ್ನು ವಿಲೀನಗೊಳಿಸಿದರೆ ಹಳ್ಳಿಗಳ ನಡುವಿನ ದಾರಿ ಒಂದು ಮೈಲಿಯೂ ಕಿರಿದಾಗುವುದಿಲ್ಲ, ಕಚೇರಿ ಮಾತ್ರ ದೂರವಾಗುತ್ತದೆ. ಹತ್ತಿರ ಕುಳಿತು ನಿರ್ಧರಿಸುವುದರ ಬೆಲೆ ಹಿಟ್ಸಾಕರ್‌ನಲ್ಲಿ ಕಾಣುತ್ತದೆ. ಯೇಟ್ಸೆಲ್‌ನ ಕವಲುಗಳ ನಡುವಿನ ನಡುಗಡ್ಡೆಯ ಮೇಲಿರುವ ಆ ಹಳೆಯ ಪೇಟೆ 2002ರಲ್ಲೂ 2006ರಲ್ಲೂ ಎಲ್ಬೆಯ ನೆರೆಯಲ್ಲಿ ಮುಳುಗಿತು. ಗೋಡೆ ಕಟ್ಟಿದರೆ ಪೇಟೆಯ ಚೆಲುವು ಕೆಡುತ್ತದೆ, ಕಟ್ಟದಿದ್ದರೆ ಪೇಟೆಯೇ ಕೆಡುತ್ತದೆ ಎಂಬ ಇಕ್ಕಟ್ಟು ಊರಿನದು. ಕೊನೆಗೆ ಗೋಡೆ ಎದ್ದಿತು, ನೀರೆತ್ತುವ ಯಂತ್ರಗಳೂ ಬಂದವು. 2013ರ ಭಾರಿ ನೆರೆಯಲ್ಲಿ ಪೇಟೆ ಒಣಗಿಯೇ ಉಳಿಯಿತು. ಅದೇ ಪುಟ್ಟ ಊರಿನಲ್ಲಿ ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಶುರುವಾದ ಬೇಸಿಗೆಯ ಸಂಗೀತೋತ್ಸವ ಇಂದಿಗೂ ನಡೆದು ಬಂದಿದೆ. 1989ರಿಂದ ವಸಂತ ಕಳೆಯುವ ಹೊತ್ತಿಗೆ ದುಂಡು ಹಳ್ಳಿಗಳ ಅಂಗಳಗಳಲ್ಲಿ ಕಲಾವಿದರು, ಕುಂಬಾರರು, ಹಾಡುಗಾರರು ತಮ್ಮ ಬಾಗಿಲು ತೆರೆದಿಡುವ ‘ಕುಲ್ಟುರೆಲ್ಲೆ ಲಾಂಡ್‌ಪಾರ್ಟಿ’ ನಡೆಯುತ್ತದೆ. ಚಳವಳಿಯ ದಿನಗಳಲ್ಲಿ ಪರಿಚಯವಾದವರೇ ಇದನ್ನು ಕಟ್ಟಿದರು.

ಗಡಿಯ ಬೇಲಿ ಬಿದ್ದು ಮೂರು ದಶಕ ದಾಟಿವೆ. ಗಡಿಯಿಂದಾಗಿ ಜನರ ಓಡಾಟ ವಿರಳವಾಗಿದ್ದ ಎಲ್ಬೆ ದಂಡೆ 2002ರಿಂದ ಸಂರಕ್ಷಿತ ಜೀವಗೋಳ ಪ್ರದೇಶ. ಅಲ್ಲಿ ಬೀವರ್ ಪ್ರಾಣಿಗಳಿವೆ, ಬಕಗಳಿವೆ. ಡ್ಯೋಮಿಟ್ಸ್‌ನಲ್ಲಿ 1992ರ ಡಿಸೆಂಬರಿನಲ್ಲಿ ಹೊಸ ರಸ್ತೆ ಸೇತುವೆ ತೆರೆಯಿತು; 47 ವರ್ಷಗಳ ಬಳಿಕ ಎರಡು ದಂಡೆಗಳು ಮತ್ತೆ ಕೂಡಿದವು. ರೈಲು ಸೇತುವೆಯನ್ನು ಮಾತ್ರ ಯಾರೂ ಮತ್ತೆ ಕಟ್ಟಲಿಲ್ಲ. ಗೆರೆ ಅಳಿಸುವುದು ಒಂದು ದಿನದ ಕೆಲಸ, ಗೆರೆಯಿಂದಾಗಿ ಬಿಟ್ಟುಹೋದ ದಾರಿಯನ್ನು ಮತ್ತೆ ಹಾಕಲು ಯಾರಾದರೂ ಮನಸ್ಸು ಮಾಡಬೇಕು. ಲ್ಯೂನೆಬುರ್ಗ್‌ನಿಂದ ಹೊರಡುವ ಪುಟ್ಟ ಗಾಡಿ ಇಂದು ಕಾಡು ದಾಟಿ, ಹಿಟ್ಸಾಕರ್ ದಾಟಿ, ಡಾನೆನ್‌ಬೆರ್ಗ್ ಪೂರ್ವ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಅದು ಕೊನೆಯ ನಿಲ್ದಾಣ. ವಿಟೆನ್‌ಬೆರ್ಗೆಯತ್ತ ಹೋಗುತ್ತಿದ್ದ ದಾರಿಯ ನಡುವಿನ ನಿಲ್ದಾಣವೆಂದೇ ಅದನ್ನು ಕಟ್ಟಿದ್ದರು.